ಸುಣ್ಣ ಬಳಿದ ಲೈನು

'ಸೆಗಣಿ ಮೆತ್ತೋರ ಗೋಡೆಗೆ ಸರ್ಕಾರದ ಔಷಧಿ ಯಾಕ್ರೀ?' ಎಂದು ನಿನ್ನೆ ಸಂಜೆ ಆಫೀಸಿನಲ್ಲಿ ಸಾಹೇಬರು ಕೇಳಿದಾಗ ಹೆಲ್ತ್ ಇನ್‌ಸ್ಪೆಕ್ಟರ್ ಶಾಂತಪ್ಪ 'ಹೌದು ಸಾರ್' ಅಂದಿದ್ದ. ಆ 'ಹೌದು' ಈಗ, ಮಡಿಕೇರಿಯಿಂದ ಇಳಿದು ನೆಲ್ಯಹುದಿಕೇರಿಯ ಕಡೆಗೆ ಹೊರಟ ಔಷಧಿ ಲಾರಿಯ ಮುಂದಿನ ಸೀಟಿನಲ್ಲಿ ಕುಲುಕುತ್ತ ಕೂತವನ ಗಂಟಲಿಗೆ ಹಲಸಿನ ಮೇಣದ ಹಾಗೆ ಅಂಟಿಕೊಂಡಿತ್ತು. ಅನ್ನದೆ ಇದ್ದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಸಾಹೇಬರು ಕನ್ನಡಕದ ಮೇಲಿನಿಂದ ಒಮ್ಮೆ ನೋಡುತ್ತಿದ್ದರು, ಅಷ್ಟೆ. ಆ ಒಂದು ನೋಟಕ್ಕೆ ಹೆದರಿ ಉತ್ತಯ್ಯನವರ ಕಾಫಿ ಎಸ್ಟೇಟಿನ ಕೂಲಿ ಲೈನನ್ನು, ಆಳುಗಳ ಕೋಣೆಸಾಲನ್ನು, ಈ ಸಲದ ಸುತ್ತಿನಿಂದ ಬಿಡುವುದಕ್ಕೆ ತಾನೂ ತಲೆಯಾಡಿಸಿಬಿಟ್ಟಿದ್ದ. ಹುತ್ತರಿ ಹಬ್ಬ ಕಳೆದ ಮೇಲೆ ಅಲ್ಲಿ ಮೊದಲ ಸುತ್ತು ಸೊಳ್ಳೆಮದ್ದು ಡಿಡಿಟಿ ಹೊಡೆದಿದ್ದರು. ಸುತ್ತಲಿನ ಊರುಗಳಲ್ಲಿ ಚಳಿಜ್ವರ ಇಳಿಯಿತು. ಆ ಲೈನಿನಲ್ಲಿ ಮಾತ್ರ ಇಳಿಯಲಿಲ್ಲ. ಯಾಕೆ ಇಳಿಯಲಿಲ್ಲ ಎಂದು ಯಾರೂ ಹೋಗಿ ನೋಡಿಕೊಂಡು ಬರಲಿಲ್ಲ. ಕೂಲಿಯವರು ಕೊಳಕರು, ಔಷಧಿಯ ಮೇಲೆ ಸೆಗಣಿ ಮೆತ್ತಿದ್ದಾರೆ ಎಂದು ಆಫೀಸಿನ ಮೇಜಿನ ಮೇಲೆಯೇ ತೀರ್ಮಾನವಾಯಿತು. ಇನ್ನೇನು ಹೂಮಳೆ ಬೀಳುತ್ತದೆ, ಕಾಫಿ ಹೂ ಬಿಡುತ್ತದೆ, ಅದರ ಬೆನ್ನಿಗೇ ಜ್ವರದ ಕಾಲ. ಅಷ್ಟರೊಳಗೆ ಗೋಡೆಗೆ ಔಷಧಿ ಬೀಳದಿದ್ದರೆ ಲೈನಿನಲ್ಲಿ ಹೋದ ವರ್ಷದ ಹಾಗೆಯೇ ಈ ವರ್ಷವೂ ಹೆಣ ಎತ್ತಬೇಕು.

ಇಷ್ಟೇ ಇಷ್ಟು ರಾಜ್ಯ, ಕೊಡಗು. ಚೀಫ್ ಕಮಿಷನರ ಕಾಲ ಮುಗಿದು ಓಟು ಹಾಕಿ ನಮ್ಮವರೇ ಮಂತ್ರಿಗಳಾದಾಗ ಶಾಂತಪ್ಪ ಶನಿವಾರಸಂತೆಯಲ್ಲಿ ಪಟಾಕಿ ಹೊಡೆದವರ ಗುಂಪಿನಲ್ಲಿದ್ದ. ಬೆಳಿಗ್ಗೆ ಜೀಪು ಹತ್ತಿದರೆ ಸಂಜೆಯೊಳಗೆ ಸುತ್ತಿ ಬರಬಹುದಾದ ರಾಜ್ಯದಲ್ಲಿ ಎಸ್ಟೇಟ್ ಧಣಿಯ ಬಂಗಲೆಯ ಗೋಡೆಯಿಂದ ಲೈನಿನ ಗೋಡೆಗೆ ಔಷಧಿ ನಡೆದು ಹೋಗಲಾರದೆ? ಡ್ರೈವರು ಬೀಡಿ ಹಚ್ಚಿದ. ಬೀಡಿಯ ಹೊಗೆಯ ಜೊತೆ, ಅವತ್ತು ಅವ್ವ ಕಲಸಿದ ಸೆಗಣಿಯ ವಾಸನೆ ನೆನಪಿಗೆ ಬಂತು. ಅವ್ವ ಮಹಾದೇವಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೆಮ್ಮಣ್ಣಿಗೆ ಸೆಗಣಿ ಕಲಸಿ, ದೇವರ ಕೋಣೆಯ ಗೋಡೆಯನ್ನು ಅಂಗೈಯಲ್ಲಿ ಅರೆಚಂದ್ರ ಬಿಡಿಸುತ್ತ ಮೆತ್ತುತ್ತಿದ್ದಳು. ಹಿಂದಿನ ದಿನವಷ್ಟೇ ಪಂಪಿನವರು ಬಂದು ಔಷಧಿ ಹೊಡೆದು ಹೋಗಿದ್ದರು. 'ಅವ್ವಾ, ಏನ್ ಮಾಡ್ತಿದ್ದೀಯಾ? ನಾನೇ ಇನ್‌ಸ್ಪೆಕ್ಟರು, ನಮ್ಮನೇಲೇ ಹಿಂಗಾದ್ರೆ?' ಎಂದು ಅವನು ಕೂಗಾಡಿದರೆ ಅವ್ವ ಕೈ ನಿಲ್ಲಿಸಲಿಲ್ಲ. 'ಯಾರ್ಯಾರೋ ಕೈ ಅದ್ದಿದ ನೀರನ್ನ ಶಿವನ ಗೋಡೆಗೆ ಎರಚಿ ಹೋಗವ್ರೆ. ನಿನ್ನ ಇನ್‌ಸ್ಪೆಕ್ಟರಿಕೆ ಹಟ್ಟಿ ಬಾಗಿಲ ಆಚೆ ಇಟ್ಕೋ ಮಗನೆ' ಅಂದಳು. ಪಂಪಿನವರು ಮತ್ತೆ ಬಂದರು, ಜಗಲಿಯಲ್ಲಿ ಮಜ್ಜಿಗೆ ಕುಡಿದರು, ಮತ್ತೆ ಹೊಡೆದರು. 'ಹಿರಿಯರು, ಮಡಿವಂತರು, ಹಂಗೇಯ' ಎಂದು ನಕ್ಕರು. ಅವರ ಬೀದಿಯನ್ನು ಯಾವ ಸಾಹೇಬನೂ ಕೈಬಿಡಲಿಲ್ಲ. ಲಾರಿ ತಿರುವಿನಲ್ಲಿ ಜಗ್ಗಿದಾಗ ಶಾಂತಪ್ಪನ ತಲೆ ಬಾಗಿಲಿಗೆ ಬಡಿಯಿತು.

ಎಸ್ಟೇಟಿನ ಬಂಗಲೆಯ ಮುಂದೆ ಲಾರಿ ನಿಂತಾಗ ಅವನ ಕಾಲು ತನಗೆ ತಾನೇ ಹಿಂದಿನ ವರಾಂಡಕ್ಕೆ ಹೋಯಿತು. ಇಲ್ಲಿ ಎಷ್ಟು ಸಲ ಬಂದಿದ್ದರೂ ಮುಂದಿನ ಮೆಟ್ಟಿಲು ಹತ್ತು ಎಂದು ಯಾರೂ ಹೇಳಿಲ್ಲ, ಹತ್ತಬೇಡ ಎಂದೂ ಹೇಳಿಲ್ಲ. ಸೌದೆ ಒಟ್ಟಿದ ಕಡೆ ಒಂದು ಬೆಂಚು ಇತ್ತು. ಅಲ್ಲಿ ಕೂತರೆ ಒಳಗಿನಿಂದ ಒಂದು ಗಾಜಿನ ಲೋಟದಲ್ಲಿ ಕಾಫಿ ಬರುತ್ತಿತ್ತು. ಸಾಹೇಬರಿಗೆ ಮುಂದಿನ ವರಾಂಡದಲ್ಲಿ, ಕಪ್ಪು-ಬಸಿಯಲ್ಲಿ. ಶಾಂತಪ್ಪ ಇದಕ್ಕೆಲ್ಲ ಬೇಸರ ಮಾಡಿಕೊಳ್ಳಬಾರದೆಂದು ಬಹಳ ಸಲ ನಿಶ್ಚಯಿಸಿದ್ದ, ಬಹಳ ಸಲ ಬೇಸರ ಮಾಡಿಕೊಂಡಿದ್ದ. ಇವತ್ತು ಲೋಟ ಹಿಡಿದು ಕಿಟಕಿಗಳನ್ನೇ ನೋಡುತ್ತ ಕೂತ. ಪ್ರತಿ ಕಿಟಕಿಗೂ ತಂತಿಯ ಜಾಲರಿ. ಬಾಗಿಲಿಗೂ ಜಾಲರಿಯ ಇನ್ನೊಂದು ಬಾಗಿಲು. ಒಳಗೆ ಮಂಚಗಳ ಮೇಲೆ ಸೊಳ್ಳೆಪರದೆ ಗಂಟು ಹಾಕಿ ಮೇಲಕ್ಕೆತ್ತಿತ್ತು. ಭಾನುವಾರದ ಊಟಕ್ಕೆ ಮುಂಚೆ ಮನೆಮಂದಿಗೆಲ್ಲ ಜ್ವರದ ಮಾತ್ರೆ. ಇಷ್ಟರ ಮೇಲೆ ಈ ಗೋಡೆಗೂ ಡಿಡಿಟಿ. ಸೊಳ್ಳೆಗೇನಾದರೂ ಬುದ್ಧಿಯಿದ್ದರೆ ಈ ಮನೆಯ ಅಂಗಳಕ್ಕೂ ಕಾಲಿಡುತ್ತಿರಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕುಟ್ಟಪ್ಪ ಬಂದು, 'ಸಾಹೇಬರು ಹನ್ನೆರಡಕ್ಕೆ ಬರ್ತಾರಂತೆ. ಊಟ ಇಲ್ಲೇ. ನಿಮಗೆ ಬಾಳೆಹಣ್ಣು, ಹಾಲು ಹೇಳಿದ್ದೀನಿ' ಅಂದ. ಅದು ಮರ್ಯಾದೆಯ ಮಾತೇ. ಬಂಗಲೆಯ ಮಾಂಸದಡುಗೆ ಶಾಂತಪ್ಪನಿಗೆ ಆಗುವುದಿಲ್ಲ ಎಂಬುದನ್ನು ನೆನಪಿಟ್ಟಿದ್ದಾರೆ. ಮರ್ಯಾದೆಗೂ ಸಿಟ್ಟು ಬರುತ್ತದಲ್ಲ ಎಂದು ಅವನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಪಂಪು, ಬಕೆಟ್ಟು ಇಳಿಸಲು ಲಾರಿಯ ಹಿಂದೆ ಬಂದ ಪಂಪಿನ ನಿಂಗನಿಗೂ ಅವನ ಜೊತೆಯವರಿಗೂ ಹೇಳಿ ಲೈನಿನ ದಾರಿ ಹಿಡಿದ.

ಲೈನು ಕಾಫಿ ಗಿಡಗಳ ಕೆಳಗೆ, ಸಣ್ಣ ಹಳ್ಳದಂಥ ತೋಡಿನ ಪಕ್ಕದ ತಗ್ಗಿನಲ್ಲಿತ್ತು. ಗಾಡಿಗೆ ಕಟ್ಟಿದ ಪೆಟ್ಟಿಗೆಗಳ ಹಾಗೆ ಒಂದಕ್ಕೊಂದು ಅಂಟಿದ ಕೋಣೆಗಳು, ಒಂದು ಕೋಣೆಗೆ ಒಂದು ಸಂಸಾರ, ತಲೆಯ ಮೇಲಿನ ಮಾಡಿಗೂ ಗೋಡೆಗೂ ನಡುವೆ ಕೈ ತೂರುವಷ್ಟು ಸಂದು. ಗೋಡೆ ಮಾತ್ರ ಬೆಳ್ಳಗಿತ್ತು. ಶಾಂತಪ್ಪ ಕರವಸ್ತ್ರ ತೆಗೆದು ಮೂಗಿಗೆ ಹಿಡಿದವನು ಹಾಗೆಯೇ ನಿಂತ. ಬೆಳ್ಳಗಿತ್ತು. ಸೆಗಣಿ ಮೆತ್ತಿದ ಗೋಡೆ ಬೆಳ್ಳಗೆ ಹೇಗಿರುತ್ತದೆ? ಮೊದಲ ಬಾಗಿಲಲ್ಲಿ ಕಾಳಮ್ಮ ಕೂತಿದ್ದಳು. ಪಿರಿಯಾಪಟ್ಟಣದ ಕಡೆಯಿಂದ ಗಂಡನ ಜೊತೆ ಕಾಫಿ ಹಣ್ಣು ಕೀಳುವ ಪಿಕಿಂಗಿಗೆ ಬಂದವಳು; ಗಂಡ ಗುಂಡ ಹೋದ ವರ್ಷ ಹೂಮಳೆಯ ಮೇಲೆ ಜ್ವರದಲ್ಲಿ ಸತ್ತ. ಅವಳ ತೊಡೆಯ ಮೇಲೆ ಮಗಳು ಲಿಂಗಿ, ಗೋಣಿಚೀಲ ಹೊದ್ದು, ಬಿಸಿಲಲ್ಲೂ ಹಲ್ಲು ಕಟಕಟ ಎನ್ನಿಸುತ್ತ ನಡುಗುತ್ತಿದ್ದಳು. ಶಾಂತಪ್ಪ ಕುಕ್ಕರುಗಾಲಲ್ಲಿ ಕೂತು ಮಗುವಿನ ಹೊಟ್ಟೆಯ ಎಡಗಡೆ ಕೈಯಿಟ್ಟ. ಚಳಿಜ್ವರಕ್ಕೆ ಗುಲ್ಮ ಊದಿ ಆದ ಜ್ವರಗಡ್ಡೆ ಪಕ್ಕೆಲುಬಿನ ಕೆಳಗಿನಿಂದ ಹೊಕ್ಕುಳವರೆಗೆ ಕಲ್ಲಿನಂತೆ ಸಿಕ್ಕಿತು. ಮಗು ಮುಲುಗಿತು. ಜೇಬಿನಲ್ಲಿದ್ದ ಕಹಿ ಮಾತ್ರೆಗಳನ್ನು ಕಾಳಮ್ಮನ ಕೈಗೆ ಹಾಕುತ್ತ, ತಾನು ಕೇಳಬೇಕಾದ ಪ್ರಶ್ನೆಯನ್ನು ಅವನು ತೀರ ಸಣ್ಣ ದನಿಯಲ್ಲಿ ಕೇಳಿದ.

'ಗೋಡೆಗೆ ಸೆಗಣಿ ಮೆತ್ತಿದ್ರಾ ಕಾಳಮ್ಮ? ಔಷಧಿ ಹೊಡೆದ ಮೇಲೆ?'

ಕಾಳಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನಕ್ಕಳು, ನಗುವಾಗ ಮಗುವಿನ ತಲೆ ಅಲುಗಾಡಿತು. 'ಸೆಗಣಿಯಾ? ಎಲ್ಲಿಂದ ತರಾವ ಸ್ವಾಮಿ? ಹಸ ಇರ‍್ಲಿ, ಒಂದು ಮೇಕೆ ಕಟ್ಟಾಕೂ ಬುಡಾಕಿಲ್ಲ ಈ ಎಸ್ಟೇಟ್ನಾಗೆ. ಬಂಗ್ಲೆ ಕೊಟ್ಟಿಗೆ ಸೆಗಣಿಯೆಲ್ಲ ಕಾಪಿ ಗಿಡದ ಬುಡಕ್ಕೆ. ಬಾಣಂತಿ ಕ್ವಾಣೆ ನೆಲ ಸಾರ‍್ಸಾಕೆ ಒಂದ್ ಬೊಗಸೆ ತಂದ್ಲು ಅಂತ ರೈಟ್ರು ಪಕ್ಕದ ಕ್ವಾಣೆ ಮುತ್ತಮ್ಮನ್ನ ಏನ್ ಅಂದ್ರು ಕೇಳಿ. ಸೆಗಣಿ ಮೆತ್ತಾಕೂ ಪುಣ್ಯ ಮಾಡಿರ‍್ಬೇಕು.'

'ಮತ್ತೆ ಈ ಬಿಳಿ?'

'ಸುಣ್ಣ. ನಿಮ್ಮೋರು ಔಸ್ದಿ ಹೊಡ್ದು ಓದ್ರಲ್ಲ, ಅದಾಗಿ ವಸಿ ದಿನಕ್ಕೆ. ದೊಡ್ಡ ಸಾಯೇಬ್ರು ಲೈನ್ ನೋಡಾಕ್ ಬತ್ತಾವ್ರೆ ಅಂತ ರಜಾ ದಿನ ನಮ್ ಕೈಲೇ ಬಳ್ಸಿದ್ರು. ಒಳಗೂ ಹೊರಗೂ. ನೀವೂ ಬಂದಿದ್ರಲ್ಲ ಸ್ವಾಮಿ, ಪೋಟೋ ತೆಗ್ಯಾವಾಗ?'

ಬಂದಿದ್ದ. ಫೋಟೋದಲ್ಲಿ ತುದಿಯಲ್ಲಿ ನಿಂತಿದ್ದ, ಎದೆಗೆ ಕೈ ಕಟ್ಟಿಕೊಂಡು. 'ಎಲ್ಲ ಎಸ್ಟೇಟಿನವರೂ ಲೈನನ್ನು ಹೀಗೆ ಇಟ್ಟುಕೊಂಡರೆ ನಮಗೆ ಕೆಲಸವೇ ಇರೋದಿಲ್ಲ ಉತ್ತಯ್ಯನವರೇ' ಎಂದು ಸಾಹೇಬರು ಹೊಗಳಿದಾಗ ಎಲ್ಲರ ಜೊತೆ ತಾನೂ ನಕ್ಕಿದ್ದ. ಮೇಲೆ ಸುಣ್ಣ ಬಿದ್ದರೆ ಕೆಳಗಿನ ಡಿಡಿಟಿ ಸತ್ತ ಹಾಗೆ ಎಂಬುದು ತರಬೇತಿಯಲ್ಲಿ ಅವನಿಗೆ ಬಾಯಿಪಾಠವಾದ ಸಂಗತಿ. ಪರೀಕ್ಷೆಯಲ್ಲಿ ಬರೆದು ಶಭಾಷ್ ಅನ್ನಿಸಿಕೊಂಡಿದ್ದ. ಆದರೆ ಅವತ್ತು ಈ ಗೋಡೆಯ ಮುಂದೆ ನಿಂತಾಗ ಅವನಿಗೆ ಸುಣ್ಣ ಕಾಣಲಿಲ್ಲ, ಚೊಕ್ಕಟ ಕಂಡಿತು. ಕೂಲಿಯವರ ಗೋಡೆ ಬೆಳ್ಳಗಾಗಿದೆಯಲ್ಲ ಎಂದು ಕಣ್ಣಿಗೆ ಹಿತವಾಗಿತ್ತು. ಕಣ್ಣಿನ ಆ ಹಿತಕ್ಕೆ ಈ ಮಗುವಿನ ಹೊಟ್ಟೆಯಲ್ಲಿ ಕಲ್ಲು ಬೆಳೆದಿದೆ. ನೋಡುವವರಿಗಾಗಿ ಬಳಿದರು, ನೋಡಿದವರು ಮೆಚ್ಚಿದರು, ಮೆಚ್ಚಿದವರೇ ಈಗ ಸೆಗಣಿ ಅನ್ನುತ್ತಾರೆ. ಸಿಟ್ಟಿಗೆ ಶಾಂತಪ್ಪನ ಕಿವಿ ಬಿಸಿಯಾಯಿತು. ಯಾರ ಮೇಲಿನ ಸಿಟ್ಟು ಎಂದು ಬೇರ್ಪಡಿಸುವುದಕ್ಕೆ ಆಗಲಿಲ್ಲ. ಗಂಟಲು ಒಣಗಿತ್ತು. ಮನೆಯಿಂದ ಹೆಂಡತಿ ಸುಮಿತ್ರಮ್ಮ ಕಾಯಿಸಿ ತುಂಬಿಕೊಟ್ಟ ನೀರಿನ ಬಾಟಲಿ ಲಾರಿಯಲ್ಲೇ ಉಳಿದಿತ್ತು. ಲೈನಿಗೆ ಬಂದಾಗ ಆ ಬಾಟಲಿ ಬಿಟ್ಟು ಬೇರೆ ನೀರು ಅವನು ಮುಟ್ಟಿದವನಲ್ಲ. ಅದು ಜ್ವರದ ಭಯವೋ ಜಾತಿಯ ಭಯವೋ ಎಂದು ತನ್ನನ್ನು ತಾನು ಕೇಳಿಕೊಂಡವನೂ ಅಲ್ಲ. ಇವತ್ತು ಅವಳ ನೀರನ್ನೇ ಕೇಳಿಬಿಟ್ಟ. 'ಒಂದು ಲೋಟ ನೀರು ಕೊಡಮ್ಮ' ಅಂದ. ಅಂದಾಗ ಎದೆಯಲ್ಲಿ ಏನೋ ದೊಡ್ಡದನ್ನು ಮಾಡಿದ ಹಾಗೆ ಅನ್ನಿಸಿತು.

'ಬ್ಯಾಡ' ಅಂದಳು ಕಾಳಮ್ಮ. 'ತೋಡಿನ ನೀರು. ಮ್ಯಾಗಡೆ ಕಾಪಿ ಹಣ್ಣು ತೊಳ್ದ ನೀರು ಇದ್ಕೇ ಬುಡ್ತಾರೆ. ನಿಮಗೆ ಆಗಾಕಿಲ್ಲ ಸ್ವಾಮಿ, ನೀವು ಬಾಟ್ಲಿದೇ ಕುಡೀರಿ.' ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ತಾನು ಕುಡಿದು ದೊಡ್ಡವನಾಗಲು ಹೊರಟ ನೀರನ್ನು ಇವಳು ದಿನಾ ಮಗಳಿಗೆ ಕುಡಿಸಬೇಕು. ಅವನು ಎದ್ದು ನಿಂತು ಜೇಬಿನ ಚಾಕುವಿನಿಂದ ಗೋಡೆಯನ್ನು ಕೆರೆದ. ಸುಣ್ಣ ಹಕ್ಕಳೆಯಾಗಿ ಎದ್ದಿತು. ಅದರ ಕೆಳಗೆ ಔಷಧಿಯ ಮಾಸಲು ಬಣ್ಣ, ಅದರ ಕೆಳಗೆ ಮಣ್ಣು. ಅಂಗೈ ಅಗಲದಷ್ಟು ಕೆರೆದು ನಿಲ್ಲಿಸಿದ.

ಸಾಹೇಬರು ಹನ್ನೆರಡು ಕಳೆದ ಮೇಲೆ ಉತ್ತಯ್ಯನವರ, ಕುಟ್ಟಪ್ಪನ ಜೊತೆ ಲೈನಿಗೆ ಇಳಿದು ಬಂದರು. ಉತ್ತಯ್ಯನವರು ಎತ್ತರದ ಆಳು, ಮಿಲಿಟರಿಯಲ್ಲಿದ್ದು ಬಂದವರು, ಬಾಯ್ತುಂಬ ನಗುವವರು. ಬರುತ್ತ ಬರುತ್ತಲೇ, 'ಎಂತ ಶಾಂತಪ್ಪ, ಕಾಫಿ ಆಯ್ತಾ?' ಎಂದು ಬೆನ್ನು ತಟ್ಟಿದರು. ಅವರು ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಸಾಹೇಬರು ಕೊನೆಯ ಬಾಗಿಲವರೆಗೆ ಹೋಗದೆ ಮೊದಲ ಬಾಗಿಲಲ್ಲೇ ನಿಂತು, ಗೋಡೆಯ ಕಡೆ ಬೆತ್ತ ತೋರಿಸಿ, 'ನೋಡಿ, ಏನೋ ಮೆತ್ತಿದಾರೆ' ಅಂದರು.

'ಸುಣ್ಣ ಸಾರ್' ಅಂದ ಶಾಂತಪ್ಪ. 'ಸೆಗಣಿ ಅಲ್ಲ. ಇವರ ಹತ್ತಿರ ಸೆಗಣಿ ಇಲ್ಲ. ಈ ಎಸ್ಟೇಟಲ್ಲಿ ಕೂಲಿಯವರು ದನ ಸಾಕೋ ಹಾಗಿಲ್ಲ. ಹೋದ ಸಲ ತಾವು ಬರ್ತೀರಿ ಅಂತ ಬಳಿಸಿದ್ದು ಸಾರ್.'

ಉತ್ತಯ್ಯನವರು ಗೊಳ್ಳೆಂದು ನಕ್ಕರು. 'ಅಯ್ಯೋ ಮಾರಾಯ! ನಾನೇ ಬಳಿಸಿದ್ದು. ನಿಮ್ಮ ಸಾಹೇಬರ ಕಣ್ಣಿಗೆ ಲೈನು ಚಂದ ಕಾಣಲಿ ಅಂತ. ಅದ್ರಿಂದ ನಿಮ್ಮ ಮದ್ದಿಗೆ ಎಂತ ಆಗ್ತದೆ ಅಂತ ನಮಗೆ ಯಾರು ಹೇಳಿದ್ರು? ಹೇಳಿದ್ರೆ ಬಳಿಸ್ತಿರ‍್ಲಿಲ್ಲ.' ಅದೂ ನಿಜ. ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ಫೋಟೋದ ತುದಿಯಲ್ಲಿ ನಿಂತು ನಗುತ್ತಿದ್ದ. ಸಾಹೇಬರು ಬೆತ್ತದ ತುದಿಯನ್ನು ನೆಲಕ್ಕೆ ಒತ್ತಿ ತಿರುಗಿಸಿದರು. 'ಸರಿ, ಆಗಿದ್ದು ಆಗಿಹೋಯ್ತು. ಇರೋ ಪೌಡರಿನಲ್ಲಿ ಬಂಗಲೆ, ರೈಟರ್ ಮನೆ, ಅಂಗಡಿ ಸಾಲು ಮುಗಿಸಿ. ಲೈನು ಮುಂದಿನ ವರ್ಷ ನೋಡೋಣ. ಇವರ ಪಾಲು ಇವರಿಗೆ ಒಂದು ಸಲ ಕೊಟ್ಟಾಗಿದೆಯಲ್ಲ? ಎಲ್ಲರಿಗೂ ಸಮ ಅಂದಮೇಲೆ ಸಮ.'

ಸಮ. ಜಾಲರಿಯ ಮೇಲೆ ಪರದೆ, ಪರದೆಯ ಮೇಲೆ ಮಾತ್ರೆ, ಮಾತ್ರೆಯ ಮೇಲೆ ಔಷಧಿ ಇರುವ ಮನೆಗೆ ಒಂದು ಪಾಲು. ಮಾಡಿನ ಸಂದಿನಲ್ಲಿ ಕೈ ತೂರುವ ಕೋಣೆಗೂ ಒಂದೇ ಪಾಲು, ಅದಕ್ಕೂ ಸುಣ್ಣ. ಇದಕ್ಕೆ ಸಮ ಎಂದು ಹೆಸರು. ಶಾಂತಪ್ಪನಿಗೆ ಸಾಹೇಬರ ಹೊಳೆಯುವ ಬೂಟು ಕಾಣಿಸುತ್ತಿತ್ತು, ಬೂಟಿನ ಪಕ್ಕ ಕಾಳಮ್ಮನ ಒಡೆದ ಹಿಮ್ಮಡಿ. ಬಾಯಿಂದ ಮಾತು ಹೊರಟದ್ದು ಅವನಿಗೆ ಕೇಳಿಸಿದ್ದು ಹೊರಟ ಮೇಲೆಯೇ. 'ಸಾರ್, ಸೆಗಣಿ ಮೆತ್ತಿದ್ದು ನಮ್ಮನೇಲಿ. ನಮ್ಮವ್ವ ಮೆತ್ತಿದ್ದು. ಔಷಧಿ ಹೊಡೆದ ಮಾರನೇ ದಿನವೇ. ನಮ್ಮ ಮನೆಗೆ ಎರಡನೇ ಸಲ ಹೊಡೆದರು, ನಮ್ಮ ಬೀದಿಗೂ ಹೊಡೆದರು. ಕೈಬಿಡೋದಾದ್ರೆ ಮೊದಲು ನಮ್ಮನೆ ಕೈಬಿಡಬೇಕು ಸಾರ್.'

ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. ಅವನು ಹೆದರಿಕೊಂಡಿದ್ದ ಆ ನೋಟ ಕೊನೆಗೂ ಬಂತು. 'ಏನ್ರೀ ಶಾಂತಪ್ಪ, ನಿಮ್ಮ ತಾಯೀನ ತಂದು ಇವರ ಜೊತೆ ಒಂದೇ ತಕ್ಕಡೀಲಿ ಕೂರಿಸ್ತೀರಾ? ಮಾನ ಮರ್ಯಾದೆ ಇಲ್ವೇನ್ರಿ?' ಕುಟ್ಟಪ್ಪ ಮುಖ ತಿರುಗಿಸಿಕೊಂಡ. ಉತ್ತಯ್ಯನವರು ಕೆಮ್ಮಿದರು. ಶಾಂತಪ್ಪನ ಮುಖ ಕೆಂಪಾಯಿತು. ನಾಚಿಕೆ ಬಂದದ್ದು ಸಾಹೇಬರ ಮಾತಿಗಲ್ಲ. ಆ ಮಾತು ತನಗೂ ಒಳಗೆ ಒಂದು ಕ್ಷಣ ಸರಿ ಅನ್ನಿಸಿತಲ್ಲ, ಅವ್ವನನ್ನು ಈ ಲೈನಿನಲ್ಲಿ ಈ ಹೆಂಗಸಿನ ಪಕ್ಕ ಕೂರಿಸಿ ನೋಡಿದಾಗ ತನ್ನ ಮೈಯೂ ಮುದುಡಿಕೊಂಡಿತಲ್ಲ, ಅದಕ್ಕೆ. ಅವರು ಊಟಕ್ಕೆ ಮೇಲೆ ಹತ್ತಿ ಹೋದರು. ಹೋಗುತ್ತ ಸಾಹೇಬರು ತಿರುಗಿ, 'ನಾವು ಊಟ ಮುಗಿಸೋದ್ರೊಳಗೆ ಔಷಧಿ ಕಲಸಿ ಇಟ್ಟಿರಿ. ಬಂಗಲೆಯಿಂದ ಶುರು' ಅಂದರು.

ಹಿಂದಿನ ವರಾಂಡಕ್ಕೆ ಮರಳಿದಾಗ ಬಾಳೆಹಣ್ಣು, ಹಾಲು ಸೌದೆಯ ಪಕ್ಕದ ಬೆಂಚಿನ ಮೇಲೆ ಬಂದು ಕೂತಿದ್ದವು. ಶಾಂತಪ್ಪ ಮುಟ್ಟಲಿಲ್ಲ. ಮುಂದಿನ ವರಾಂಡದಿಂದ ನಗು, ತಟ್ಟೆಯ ಸದ್ದು, ಯಾರೋ ಸೋಡಾ ಒಡೆದ ಸದ್ದು. ನಿಂಗ ಬಕೆಟ್ಟಿನಲ್ಲಿ ಪೌಡರು ಕದಡುತ್ತ, 'ಬಂಗ್ಲೆ ಒಳಕ್ಕೆ ಯಾವಾಗ ನುಗ್ಗೋದು ಸಾಮಿ, ಅವರಿನ್ನೂ ಉಂಡಿಲ್ವಲ್ಲ?' ಅಂದ. ಶಾಂತಪ್ಪ ಬಕೆಟ್ಟಿನ ಬಿಳಿ ನೀರನ್ನು ನೋಡಿದ. ಇದು ಬಂಗಲೆಗೇ ಮುಗಿದರೆ ಇನ್ನೊಂದು ಔಷಧಿ ಗಾಡಿ ಮಡಿಕೇರಿಯಿಂದ ಬರುವಷ್ಟರಲ್ಲಿ ಹೂಮಳೆ ಕಳೆದಿರುತ್ತದೆ. ತನ್ನ ಕೆಲಸ ಹೋಗಬಹುದು. ಸುಮಿತ್ರಮ್ಮ ಏನೆನ್ನುತ್ತಾಳೆ ಎಂದು ಯೋಚಿಸಿದ, ಅವ್ವ ಏನೆನ್ನುತ್ತಾಳೆ ಎಂದು ಯೋಚಿಸಲು ಧೈರ್ಯ ಬರಲಿಲ್ಲ.

'ಎತ್ತು ನಿಂಗ. ಲೈನಿಗೆ.'

'ಬಂಗ್ಲೆಗೆ?'

'ಬಂಗ್ಲೆಗೆ ಜಾಲರಿ ಇದೆ.'

ನಿಂಗ ಬಕೆಟ್ಟು ಎತ್ತಿದ. ಪಂಪಿನವರು ತಗ್ಗಿಗೆ ಇಳಿದರು. ಕೆಲಸಕ್ಕೆ ಹೋಗದೆ ಜ್ವರದಲ್ಲಿ ಉಳಿದಿದ್ದವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು, ಮಡಕೆ ಕುಡಿಕೆ ಚಾಪೆ ಹೊರಗೆ ತಂದಿಟ್ಟರು. ಕಾಳಮ್ಮ ಮಾತ್ರ ಬಾಗಿಲಿಂದ ಏಳಲಿಲ್ಲ. 'ಬ್ಯಾಡ ಸ್ವಾಮಿ, ನಮ್ಮ ಕ್ವಾಣೆಗೆ ಬ್ಯಾಡ. ನೀವು ಹೊಡೀತೀರ, ಅವರು ಬಳಿಸ್ತಾರೆ, ಜರ ಬಂದ್ರೆ ನಮ್ಮನ್ನೇ ಹೊಲಸು ಜನ ಅಂತೀರ. ಮಗೀನೂ ಸಾಯ್ಬೇಕು, ಬಯ್ಗುಳನೂ ತಿನ್ಬೇಕು' ಅಂದಳು. ಶಾಂತಪ್ಪನ ಕರವಸ್ತ್ರ ಎಲ್ಲಿ ಬಿದ್ದಿತ್ತೋ. ಬಾಗಿ ಮಗುವನ್ನು ಗೋಣಿಚೀಲ ಸಮೇತ ಎತ್ತಿಕೊಂಡ. ಮಗುವಿನ ಬೆವರು ಅವನ ಅಂಗಿಗೆ ಹತ್ತಿತು. ನಡುಕ ನಿಂತು ಈಗ ಮೈ ಸುಡುತ್ತಿತ್ತು. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ಮರದ ನೆರಳಿಗೆ ಮಲಗಿಸಿ ತಿರುಗಿದಾಗ ಕಾಳಮ್ಮ ಎದ್ದು ಬಂದು ಮಗಳ ಪಕ್ಕ ಕೂತಿದ್ದಳು, ಬಾಗಿಲು ಖಾಲಿಯಾಗಿತ್ತು. ಅವನೇ ಒಳಗೆ ಹೋಗಿ ಸುಣ್ಣ ಎದ್ದ ಕಡೆಯೆಲ್ಲ ಕೆರೆದ. ನಿಂಗ ಪಂಪು ಒತ್ತಿದ. ಆ ಕೋಣೆಯ ಮೂಲೆ, ಮಾಡಿನ ಸಂದು, ಮಗು ಮಲಗುತ್ತಿದ್ದ ಜಾಗದ ಗೋಡೆ ಎಲ್ಲ ತೊಯ್ದು ವಾಸನೆ ಮೂಗಿಗೆ ಏರಿತು. ಕೋಣೆಯಿಂದ ಕೋಣೆಗೆ ಹೋಗುತ್ತ ಕೊನೆಯ ಬಾಗಿಲು ತಲುಪಿದಾಗ ಪೌಡರೂ ಮುಗಿದು ಬಕೆಟ್ಟು ತಳ ಕಂಡಿತು.

ಬಂಗಲೆಯ ಕಡೆಯಿಂದ ಸಾಹೇಬರ ಜೀಪು ಶುರುವಾದ ಸದ್ದು ಕೇಳಿಸಿತು. ಯಾರೋ ಅವನ ಹೆಸರು ಹಿಡಿದು ಕೂಗುತ್ತಿದ್ದರು. ಒಮ್ಮೆ ಕುಟ್ಟಪ್ಪನ ದನಿ, ಒಮ್ಮೆ ಸಾಹೇಬರದ್ದು. ನಿಂಗ ಪಂಪು ಕೆಳಗಿಟ್ಟು ಅವನ ಮುಖ ನೋಡಿದ. ಕಾಳಮ್ಮ ಮಗಳ ಹಣೆ ಒರೆಸುತ್ತಿದ್ದವಳು ತಲೆಯೆತ್ತಿದಳು.

'ಸಾಯೇಬ್ರು ಮತ್ತೆ ನೋಡಾಕ್ ಬತ್ತಾರಾ ಸ್ವಾಮಿ?'

'ಬರಬಹುದು.'

'ಬರದಂಗೆ ನೋಡ್ಕಳಿ' ಅಂದಳು ಕಾಳಮ್ಮ. 'ಅವರು ಬಂದ್ರೆ ಸುಣ್ಣ ಬತ್ತದೆ.'

ಸರ್ಕಾರದ ಆರೋಗ್ಯದ ಕೆಲಸಕ್ಕೆ ಸೇರಿದ ಮೇಲೆ ಇಷ್ಟು ವರ್ಷಗಳಲ್ಲಿ ಯಾರೂ ಅವನನ್ನು ಇಂಥದೊಂದು ಕೇಳಿರಲಿಲ್ಲ. ಕೈ ಒರೆಸಿಕೊಳ್ಳಲು ನೋಡಿದ. ಔಷಧಿ ಉಗುರಿನೊಳಗೆಲ್ಲ ಹೊಕ್ಕಿತ್ತು. ಜೀಪು ತಿರುವು ದಾಟಿ ಇಳಿಯುತ್ತಿತ್ತು. ಶಾಂತಪ್ಪ ಚಾಕು ಮಡಿಸಿ ಜೇಬಿಗೆ ಹಾಕಿಕೊಂಡು, ಲೈನಿಗೆ ಬರುವ ದಾರಿಯ ನಡುವೆ ಹೋಗಿ ನಿಂತ.